ಪಂಚಪ್ಪನವರು ಬಿಸಿಲನ್ನು ಬ್ಯಾಟರಿಗೆ ತುಂಬಿಸಿದ್ದು

ಎಂಬತ್ತೇಳನೇ ಇಸವಿಯ ಏಪ್ರಿಲ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ನಮ್ಮ ಪಕ್ಕದ ಮನೆಯ ಪಂಚಪ್ಪನವರು ಬನಿಯನ್ ಮತ್ತು ಪಟ್ಟೆಪಟ್ಟೆ ಚಡ್ಡಿಯಲ್ಲಿ, ಮತ್ತಿಕೆರೆಯಿಂದ ಯಶವಂತಪುರದವರೆಗೆ, ಒಂದು ಮ್ಯಾಟಡಾರ್ ವ್ಯಾನಿನ ನೆತ್ತಿಯ ಮೇಲೆ ಬೋರಲು ಮಲಗಿಕೊಂಡು ಹೋದರು. ಹೋಗುವ ಉದ್ದೇಶ ಅವರಿಗಿರಲಿಲ್ಲ. ವ್ಯಾನಿಗಿತ್ತು.

ಆದದ್ದು ಇಷ್ಟೆ. ಪಂಚಪ್ಪನವರು ವ್ಯಾನಿನ ಮೇಲೆ ಸೋಲಾರ್ ಪ್ಯಾನಲ್ಲನ್ನು ಬಿಗಿಯುತ್ತಿದ್ದರು. ಬಾಯಲ್ಲಿ ಎರಡು ಸ್ಕ್ರೂ ಇದ್ದವು. ವ್ಯಾನು ಓಡಿಸಲು ಒಪ್ಪಿಕೊಂಡಿದ್ದ ಆವಲಪ್ಪ ಟೀ ಕುಡಿದು ಬಂದವನು "ಸ್ವಾಮೀ" ಎಂದು ಕೂಗಿದ. ಸ್ಕ್ರೂ ಕಚ್ಚಿದ ಬಾಯಿಂದ "ಹೂಂ" ಎಂಬುದಕ್ಕಿಂತ ದೊಡ್ಡ ಉತ್ತರ ಬರಲಿಲ್ಲ. ಆವಲಪ್ಪ ಅದನ್ನು ಒಪ್ಪಿಗೆ ಎಂದುಕೊಂಡು, ಬ್ರೇಕು ನೋಡಿಕೊಂಡು ಬರೋಣವೆಂದು ಗಾಡಿ ಬಿಟ್ಟ. ದಾರಿಯುದ್ದಕ್ಕೂ ಜನ ಕೈ ತೋರಿಸಿ ನಗುತ್ತಿದ್ದರು. ಹೊಸ ಬಣ್ಣಕ್ಕೆ ಮರುಳಾಗಿದ್ದಾರೆಂದು ಆವಲಪ್ಪನೂ ಕೈ ಬೀಸಿದ. ಯಶವಂತಪುರದ ಮಾರುಕಟ್ಟೆ ಹತ್ತಿರ ಪೊಲೀಸ್ ಪೇದೆಯೊಬ್ಬ ಗಾಡಿ ನಿಲ್ಲಿಸಿದ.

"ಮೇಲೇನಯ್ಯ ಲೋಡು?"

"ಸೋಲಾರ್ ಸಾರ್. ಬಿಸ್ಲಲ್ಲಿ ಕರೆಂಟ್ ಮಾಡೋದು."

"ನಿನ್ ಸೋಲಾರು ಕೆಮ್ತಾ ಇದೆ ನೋಡು, ಇಳಿ."

ಆವಲಪ್ಪ ಇಳಿದು ನೋಡಿ ಎದೆ ಹಿಡಿದುಕೊಂಡ. "ಅಯ್ಯೋ ನಮ್ಮಪ್ಪಾ! ನೀವಾ? ಇಂಗೆ ಮೇಲಿವ್ನಿ ಅಂತ ಒಂದ್ ಮಾತ್ ಏಳ್ಬಾರ್ದಾ ಸ್ವಾಮಿ?"

ಪಂಚಪ್ಪನವರು ಸ್ಕ್ರೂಗಳನ್ನು ಉಗುಳಿ, ಪೇದೆಗೆ ಗಂಭೀರವಾಗಿ ಕೈಮುಗಿದು, "ಹನ್ನೊಂದು ಗಂಟೇಕ್ಕ ಬಿಸಲ ಹ್ಯಾಂಗ ಬೀಳತೈತಿ ಅಂತ ನೋಡಾಕತ್ತಿದ್ದೆ ಸಾಹೇಬ್ರ" ಎಂದರು. ಪೇದೆ ಬರೆದುಕೊಳ್ಳಲು ತೆಗೆದಿದ್ದ ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ. ಈ ಅಪರಾಧಕ್ಕೆ ಅವನ ಪುಸ್ತಕದಲ್ಲಿ ಕಲಂ ಇರಲಿಲ್ಲ.

ಮನೆಗೆ ಬಂದಾಗ ಅವರ ಹೆಂಡತಿ ಸಂಗವ್ವ ಗೇಟಿನಲ್ಲೇ ನಿಂತಿದ್ದರು. ಗಂಡನ ಕೈ ಹಿಡಿದು ತಮ್ಮ ತಲೆಯ ಮೇಲೆ ಇಟ್ಟುಕೊಂಡರು. "ನನ್ನ ಆಣಿ ಐತಿ. ಇನ್ನ ಮ್ಯಾಲ ಆ ಗಾಡಿ ಹತ್ತಂಗಿಲ್ಲ ಅನ್ರಿ." ಅಷ್ಟು ಹೇಳುವುದರೊಳಗೆ ಎರಡು ಸಲ ನಿಂತು ಉಸಿರು ಎಳೆದುಕೊಂಡರು. ಆ ಎರಡು ನಿಲುಗಡೆಗಳನ್ನು ಕಂಡ ಮೇಲೆ ಪಂಚಪ್ಪನವರು ವಾದ ಮಾಡಲಿಲ್ಲ. "ಹತ್ತಂಗಿಲ್ಲ" ಎಂದರು. ಆ ಮನುಷ್ಯ ಆಣೆಯನ್ನೂ ಅಳತೆಯನ್ನೂ ತಪ್ಪಿದವರಲ್ಲ.

ಅಳತೆಯೇ ಅವರ ಕಸುಬು. ಹುನಗುಂದದ ಕಡೆಯ ಹಳ್ಳಿಯಿಂದ ಬಂದು, ಜಾಲಹಳ್ಳಿಯ ಕಾರ್ಖಾನೆಯೊಂದರ ಟೆಸ್ಟಿಂಗ್ ವಿಭಾಗ ಸೇರಿ ಇಪ್ಪತ್ತೈದು ವರ್ಷವಾಗಿತ್ತು. ನಮಗೆಲ್ಲ ಪಂಚೇಂದ್ರಿಯ, ಪಂಚಪ್ಪನವರಿಗೆ ಮಾತ್ರ ಆರನೆಯದೊಂದು, ಅಂಗಿಯ ಜೇಬಿನಲ್ಲಿ, ಮಲ್ಟಿಮೀಟರ್. ಬೀದಿ ದೀಪ ಮಿಣುಕಿದರೆ ಎಲ್ಲರೂ ಬೈಯುತ್ತಿದ್ದರು. ಇವರು ಒಳಗೆ ಹೋಗಿ ಪ್ಲಗ್ಗಿಗೆ ಎರಡು ಕಡ್ಡಿ ಚುಚ್ಚಿ, "ನೂರಾ ಅರವತ್ತೆಂಟು" ಎಂದು ಹೊರಗೆ ಬಂದು ಪ್ರಕಟಿಸುತ್ತಿದ್ದರು. ಅದರಿಂದ ದೀಪ ಬೆಳಗುತ್ತಿರಲಿಲ್ಲ, ನಮಗೆ ಮಾತ್ರ ಏನೋ ಸಮಾಧಾನ.

ಅವರ ಅಳತೆಗೆ ಸಿಗದೆ ಉಳಿದದ್ದು ಸಂಗವ್ವನ ಉಸಿರು. ಹನ್ನೊಂದು ವರ್ಷದ ಹಿಂದೆ ಉಬ್ಬಸ ಹಿಡಿದದ್ದು ಬಿಟ್ಟಿರಲಿಲ್ಲ. ರಾತ್ರಿ ಮುಖಕ್ಕೆ ನೇರವಾಗಿ ಗಾಳಿ ಬೀಸುತ್ತಿದ್ದರೆ ನಿದ್ದೆ. ಗಾಳಿ ನಿಂತರೆ ಎದ್ದು ಕೂರುವುದು. ಅದಕ್ಕೇ ಸ್ಟೂಲಿನ ಮೇಲೆ ಒಂದು ಟೇಬಲ್ ಫ್ಯಾನ್. ಕರೆಂಟು ಹೋದರೆ ಪಂಚಪ್ಪನವರೇ ಫ್ಯಾನು. ಬೀಸಣಿಕೆ ಹಿಡಿದು ಬೆಳಗು ಮಾಡಿ ಫಸ್ಟ್ ಶಿಫ್ಟಿಗೆ ಹೊರಟರೆ, ಕಾರ್ಖಾನೆಯ ಬಸ್ಸಿನಲ್ಲಿ ಪಕ್ಕದವರ ಹೆಗಲಿಗೆ ಅವರ ತಲೆ ವಾಲುವುದು ಗೋರಗುಂಟೆಪಾಳ್ಯ ಬರುವುದರೊಳಗೇ.

ಹೀಗಾಗಿ ಹನ್ನೊಂದು ವರ್ಷದಿಂದ ಸಂಗವ್ವ ತಂಗಿ ಚನ್ನಕ್ಕನ ಊರಿಗೆ ಹೋಗಿರಲಿಲ್ಲ. ಆ ಊರಿಗೆ ಕರೆಂಟು ಬಂದಿತ್ತು, ಆದರೆ ನೆಂಟರ ಹಾಗೆ: ಯಾವಾಗಲೋ ಬಂದು, ಊಟದ ಹೊತ್ತಿಗೆ ಹೊರಟುಬಿಡುತ್ತಿತ್ತು. ಆ ವರ್ಷದ ಸಂಕ್ರಾಂತಿ ಕಳೆಯುತ್ತಲೇ ಚನ್ನಕ್ಕನಿಂದ ಇನ್‌ಲ್ಯಾಂಡ್ ಪತ್ರ ಬಂತು. ಮಗಳ ಮದುವೆ, ಬಸವ ಜಯಂತಿ ಕಳೆದ ಮುಂದಿನ ವಾರ. "ಅಕ್ಕಾ, ನೀ ಬರದಿದ್ರ ನಾ ಅಕ್ಕಿಕಾಳ ಹಾಕಂಗಿಲ್ಲ" ಎಂದು ಬರೆದಿತ್ತು.

"ನಾ ಯಾಕ ಹೋಗ್ಲಿ, ಬ್ಯಾಸಗಿ, ಮಂದಿ ಗದ್ದಲ" ಎಂದು ಸಂಗವ್ವ ಪತ್ರ ಮಡಿಸಿಟ್ಟರು. ಪಂಚಪ್ಪನವರು ನಂಬಿದ್ದರೇನೋ. ಆದರೆ ಮಲ್ಟಿಮೀಟರಿನ ಸೆಲ್ಲು ಹುಡುಕಲು ಟ್ರಂಕು ತೆಗೆದಾಗ, ಅಡಿಯಲ್ಲಿ ಹಳೆ ಪಂಚೆಯ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಕುಪ್ಪಸದ ಖಣಗಳು. ಆ ಹುಡುಗಿಗೆಂದು ಯುಗಾದಿಗೊಂದು ತೆಗೆದಿಟ್ಟದ್ದು. ಹನ್ನೊಂದು. ಮೊದಲಿನವು ಗೊಂಬೆಗೆ ಹೊಲಿಸುವಷ್ಟು ಚಿಕ್ಕವು. ವರ್ಷ ಕಳೆದಂತೆ ಖಣವೂ ಬೆಳೆದಿತ್ತು.

ಪಂಚಪ್ಪನವರು ಗಂಟನ್ನು ಹಾಗೆಯೇ ಕಟ್ಟಿಟ್ಟರು. ಮರುವಾರ ನಮ್ಮ ಬೀದಿಗೆ ಮ್ಯಾಟಡಾರ್ ಬಂತು.

ಅದು ಮೊದಲು ಬೇಕರಿಯೊಂದರ ಬ್ರೆಡ್ ವ್ಯಾನಾಗಿತ್ತು. ಪಂಚಪ್ಪನವರ ಕೈಗೆ ಬಂದು ಬೆಡ್ ವ್ಯಾನಾಯಿತು. ಒಳಗೊಂದು ಮಂಚ, ಕಿಟಕಿಗೆ ಸೊಳ್ಳೆ ಜಾಲರಿ, ಸ್ಟೋವಿಗೆ ಒಂದು ಮೂಲೆ, ಮಂಚದ ತಲೆದೆಸೆಗೆ ಲಾರಿಯವರು ಸ್ಟೇರಿಂಗಿನ ಮುಂದೆ ಹಾಕಿಕೊಳ್ಳುವಂಥ ಹನ್ನೆರಡು ವೋಲ್ಟಿನ ಪುಟ್ಟ ಫ್ಯಾನು. ಎಷ್ಟು ತೊಳೆದರೂ ಬನ್ನಿನ ವಾಸನೆ ಹೋಗಲಿಲ್ಲ. "ಇರಲಿ ಬಿಡ್ರಿ, ಹಸಿವಾದ್ರ ಮೂಸಿ ನೋಡಬೌದು" ಎಂದು ಸಂಗವ್ವ ಅಂದದ್ದೇ ಒಪ್ಪಿಗೆಯ ಮೊದಲ ಮಾತು.

"ಫ್ಯಾನಿಗೆ ಗಾಡಿ ಬ್ಯಾಟರಿ ಇದ್ಯಲ್ಲ ಸ್ವಾಮಿ, ಇಂಜಿನ್ ಆನ್ ಮಾಡಿ ಇಟ್ರಾಯ್ತು" ಎಂದ ಆವಲಪ್ಪ.

"ಡೀಸಲ್ ಹೊಗಿ ಮೂಗಿಗೆ ಹೋದ್ರ ಆಕಿ ಅಲ್ಲೇ ಕೂಡತಾಳ. ಗಾಡಿ ನಿಂತಿರಬೇಕು, ಫ್ಯಾನ್ ತಿರಗತಿರಬೇಕು, ಹೊಗಿ ಇರಬಾರ್ದು."

"ಅಂಗಾದ್ರೆ ಸೂರ್ಯನ್ನೇ ಕೇಳ್ಬೇಕು ನೀವು."

"ಅವನ್ನ ಕೇಳಾಕತ್ತೀನಿ" ಎಂದರು ಪಂಚಪ್ಪನವರು.

ಸೋಲಾರ್ ಎಂಬ ಪದ ಆಗ ಬೀದಿಗೆ ಹೊಸದು. ಹೆಸರೇ ಹೇಳುತ್ತದಲ್ಲ, ಸೋಲಲಾರದು, ಎಂದು ನಾನೂ ಹುರಿದುಂಬಿಸಿದೆ. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ವಿಜ್ಞಾನಕ್ಕಿಂತ ಕಸೂತಿಯನ್ನು ಹೆಚ್ಚು ನಂಬಿದ್ದರಿಂದ, ನನ್ನಿಂದ ಅದಕ್ಕಿಂತ ಹೆಚ್ಚಿನ ನೆರವು ಸಾಧ್ಯವಿರಲಿಲ್ಲ. ಪಂಚಪ್ಪನವರು ಕಾಂಪೌಂಡಿನಾಚೆಯಿಂದ ಪಾಠ ಹೇಳಿದರು.

"ತಂಬಿಗಿ ಮ್ಯಾಲ, ಬೋಗುಣಿ ಕೆಳಗ. ಅಂದ್ರ ನೀರ ಬೀಳತೈತಿ, ಹೌದಲ್ರಿ ಅಕ್ಕಾರ? ಪ್ಯಾನಲ್ ತಂಬಿಗಿ, ಬ್ಯಾಟರಿ ಬೋಗುಣಿ. ಬ್ಯಾಟರಿ ಹನ್ನೆರಡಕ್ಕ ನಿಂತೈತಿ ಅಂದ್ರ, ತುಂಬಬೇಕಂದ್ರ ಪ್ಯಾನಲ್ ಅದಕ್ಕಿಂತ ಎತ್ತರಕ್ಕಿರಬೇಕು, ಹದಿನಾರು ಹದಿನೇಳು ವೋಲ್ಟಿಗೆ."

"ಮತ್ತೆ ಮಧ್ಯದಲ್ಲಿ ಈ ಪೆಟ್ಟಿಗೆ?"

"ಚಾರ್ಜ್ ಕಂಟ್ರೋಲರ್. ನೀಡೋರು ಒಬ್ರಿದ್ರ ಸಾಕು ಅನ್ನೋರು ಒಬ್ರ ಬೇಕಲ್ರಿ? ಇಲ್ಲಂದ್ರ ಬ್ಯಾಟರಿ ಹೊಟ್ಟಿ ಉಬ್ಬಿ ಕುದೀತೈತಿ. ರಾತ್ರಿ ಬ್ಯಾಟರಿಯೊಳಗಿಂದು ತಿರುಗಿ ಪ್ಯಾನಲಿಗೆ ಹರೀದಂಗ ಬಾಗಿಲಾ ಹಾಕೋದೂ ಅದರದ ಕೆಲಸ."

ಬ್ಯಾಟರಿ ಹಳೆಯದು, ಒಂದು ರಾತ್ರಿಗೆ ಸಾಕಾಗಿ ಸ್ವಲ್ಪ ಮಿಗುವಷ್ಟೇ ಅದರ ಹೊಟ್ಟೆ. ಅಂದರೆ ರಾತ್ರಿ ಫ್ಯಾನು ಉಂಡದ್ದನ್ನು ಹಗಲಿನ ಬಿಸಿಲು ಅಂದಂದೇ ತುಂಬಿಸಬೇಕು. ತುಂಬಿತು ಎಂದಾಗ ಕಂಟ್ರೋಲರಿನೊಳಗಿನ ರಿಲೇ "ಟಕ್" ಎನ್ನುತ್ತಿತ್ತು. ಮಧ್ಯಾಹ್ನ ಮೂರರೊಳಗೆ ಟಕ್ ಎಂದರೆ ಸಂಗವ್ವ ಮದುವೆಗೆ ಹೋಗಬಹುದು, ಎನ್ನದಿದ್ದರೆ ಇಲ್ಲ. ಇಡೀ ಯೋಜನೆ ಆ ಒಂದು ಸದ್ದಿಗೆ ಇಳಿದಿತ್ತು.

ಮೊದಲು ತಂದ ಪ್ಯಾನಲ್ ಫೆಬ್ರವರಿಯಲ್ಲಿ ದಿನಾ ಟಕ್ ಎಂದು ಆಸೆ ಹುಟ್ಟಿಸಿ, ಮಾರ್ಚಿ ಬಿಸಿಲು ಏರುತ್ತಲೇ ಬಾಯಿ ಮುಚ್ಚಿಕೊಂಡಿತು. ಪಂಚಪ್ಪನವರು ಹದಿನೈದು ದಿನ ಕಂಟ್ರೋಲರನ್ನು ಬಿಚ್ಚಿ ಕಟ್ಟಿದರು. ಕೊನೆಗೆ ಸಿಕ್ಕಿಬಿದ್ದದ್ದು ಪ್ಯಾನಲ್. ಅದರಲ್ಲಿದ್ದದ್ದು ಮೂವತ್ತೇ ಸೆಲ್ಲು, ಚಳಿ ದೇಶಕ್ಕೆಂದು ಮಾಡಿದ್ದು. ಬಿಸಿಲು ಹೆಚ್ಚಾದರೆ ಕರೆಂಟು ಹೆಚ್ಚಾಗುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಕಾದಷ್ಟೂ ಪ್ಯಾನಲಿನ ವೋಲ್ಟು ಇಳಿಯುತ್ತದಂತೆ. ತಂಬಿಗೆ ಕುಗ್ಗಿ ಕುಗ್ಗಿ ಬೋಗುಣಿಯ ಮಟ್ಟಕ್ಕೇ ಬಂದು ಕೂತಿತ್ತು.

"ನಮ್ಮ ಸೆಖಿಗೆ ಮೂವತ್ತಾರು ಸೆಲ್ ಬೇಕ್ರಿ" ಎಂದು ಅವರು ಕಾರ್ಖಾನೆಯಲ್ಲಿ ಪರೀಕ್ಷೆ ಮುಗಿದು ಮೂಲೆ ಸೇರಿದ್ದ ಪ್ಯಾನಲೊಂದಕ್ಕೆ ಅರ್ಜಿ ಕೊಟ್ಟರು, ಅರ್ಜಿಯ ಹಿಂದೆ ತಾವೂ ಹೋದರು, ಪಡೆದರು. ಅದನ್ನು ಬಿಗಿಯುವಾಗಲೇ ಯಶವಂತಪುರ ಯಾತ್ರೆ ನಡೆದದ್ದು, ಆಣೆ ಬಿದ್ದದ್ದು. ಅಷ್ಟು ಹೊತ್ತಿಗೆ ಪ್ಯಾನಲ್ ಭದ್ರವಾಗಿ ಕೂತಿದ್ದರಿಂದ ಹತ್ತುವ ಕೆಲಸವೂ ಮುಗಿದಿತ್ತು. ಸೋಮವಾರ ಮೂರಕ್ಕೆ ಶಿಫ್ಟ್ ಮುಗಿಸಿ ಬಂದವರು ಗೇಟಿನಿಂದಲೇ ಕೇಳಿದರು:

"ಟಕ್ ಅಂತೇನ?"

"ಎರಡೂವರಿಗೆ ಅಂತು" ಎಂದರು ಸಂಗವ್ವ. ಅವರು ಮಧ್ಯಾಹ್ನವಿಡೀ ವ್ಯಾನಿನ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದರು.

ಮಂಗಳವಾರ ಎರಡೂ ಇಪ್ಪತ್ತಕ್ಕೇ ಟಕ್. ಪಂಚಪ್ಪನವರು ಚನ್ನಕ್ಕನಿಗೆ ಕಾರ್ಡು ಹಾಕಿದರು: ಬರುತ್ತೇವೆ.

ಬುಧವಾರ ಟಕ್ ಎನ್ನಲಿಲ್ಲ. ಗುರುವಾರವೂ ಇಲ್ಲ. ಶುಕ್ರವಾರ ರಾತ್ರಿ ಪರೀಕ್ಷೆಗೆ ಹಚ್ಚಿದ್ದ ಫ್ಯಾನು ನಡುರಾತ್ರಿಗೇ ನಿಂತಿತು.

ಆಮೇಲಿನ ಹತ್ತು ದಿನ ಪಂಚಪ್ಪನವರ ಮುಖ ನೋಡುವಂತಿರಲಿಲ್ಲ. ಡಯೋಡು ಬದಲಾಯಿಸಿದರು. ರಿಲೇ ಬದಲಾಯಿಸಿದರು. ದಪ್ಪ ವೈರು ಎಳೆದರು. ಬ್ಯಾಟರಿಯ ಒಂದೊಂದೇ ಮುಚ್ಚಳ ತೆಗೆದು ಆಸಿಡ್ಡಿನ ತೂಕ ನೋಡಿದರು. ಕೆಳಗಿನಿಂದ ಅಳೆದರೆ ವೋಲ್ಟು ಸರಿ, ಹರಿಯುವ ಕರೆಂಟು ಮಾತ್ರ ಅರ್ಧಕ್ಕಿಂತ ಕಡಿಮೆ. ದಿನದಿಂದ ದಿನಕ್ಕೆ ಇನ್ನೂ ಕಡಿಮೆ.

"ಬಿಸ್ಲೇ ಸರಿಗಿಲ್ವೇನೋ ಸ್ವಾಮಿ" ಎಂದ ಆವಲಪ್ಪ, ತಲೆಗೆ ಟವೆಲು ಸುತ್ತಿಕೊಂಡು ಬೆವರು ಒರೆಸುತ್ತಾ.

"ನಿನ್ನ ತಲಿ" ಎಂದರು ಪಂಚಪ್ಪನವರು. ಇಪ್ಪತ್ತೈದು ವರ್ಷದಲ್ಲಿ ಅವರು ಯಾರಿಗಾದರೂ ಬೈದದ್ದು ನಾನು ಕೇಳಿದ್ದು ಅದೊಂದೇ ಸಲ.

ಮೂರು ಗಂಟೆಗೆ ಗಂಡ ಗೇಟು ತೆಗೆದರೆ, ಸಂಗವ್ವನೇ ಮೊದಲು ಇಲ್ಲವೆಂದು ತಲೆಯಾಡಿಸಿಬಿಡುತ್ತಿದ್ದರು, ಗಂಡನಿಗೆ ಬಾಯಿಬಿಟ್ಟು ಕೇಳುವ ಕಷ್ಟ ಬೇಡವೆಂದು.

ಹೊರಡಲು ಆರು ದಿನ ಉಳಿದಿದ್ದಾಗ, ಭಾನುವಾರ ಬೆಳಿಗ್ಗೆ, ನಾನು ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದೆ. ಕೆಳಗೆ ಪಂಚಪ್ಪನವರು ವ್ಯಾನಿನ ಪಕ್ಕ ನಿಂತು ತಲೆಯೆತ್ತಿ ನೋಡುತ್ತಿದ್ದರು. ಆ ಎತ್ತರದಿಂದ ಅವರಿಗೆ ಪ್ಯಾನಲಿನ ಅಂಚು ಬಿಟ್ಟು ಬೇರೇನೂ ಕಾಣುವಂತಿರಲಿಲ್ಲ. ಸಂಗವ್ವ ಬಾಗಿಲ ಹತ್ತಿರ ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಅಕ್ಕಾರ, ಸ್ವಲ್ಪ ನೋಡಿ ಹೇಳ್ರಿ. ಪ್ಯಾನಲ್ ಮ್ಯಾಲ ಎಲ್ಲೆರ ನೆಳ್ಳ ಬಿದ್ದೈತೇನ್ರಿ? ಮರದ್ದು, ಕಂಬದ್ದು?"

"ಇಲ್ಲ ಪಂಚಪ್ಪನವರೆ. ಥಳಥಳ ಅಂತಿದೆ. ಮೂರು ಬಿಳಿ ಗೆರೆಯೂ ಎಷ್ಟು ಸ್ಪಷ್ಟವಾಗಿ ಕಾಣ್ತಿದೆ."

"ಯಾವ ಗೆರಿ?"

"ಅದೇ, ಅಡ್ಡಕ್ಕೆ ಇದೆಯಲ್ಲ, ಕಂಪನಿಯವರು ಹಾಕಿರೋದು. ಒಂದರ ಕೆಳಗೊಂದು, ಈ ತುದಿಯಿಂದ ಆ ತುದಿಗೆ."

"ಕಂಪನಿಯವ್ರು ಹಾಕಿಲ್ರೀ."

"ಮತ್ತೆ ನಡುವೆ ಕೆಂಪು ಬೊಟ್ಟು ಇದೆಯಲ್ಲ, ಅದು?"

ನಾನು ಬಗ್ಗಿ ನೋಡಿದೆ. ಪಂಚಪ್ಪನವರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ್ದರು. ಸಂಗವ್ವನ ಹಣೆಯ ಮೇಲೆ ಮೂರು ಬೆರಳಗಲ ವಿಭೂತಿ, ನಡುವೆ ಕುಂಕುಮ. ಬೆಳ್ಳುಳ್ಳಿ ಸುಲಿಯುವ ಕೈ ನಿಂತಿತ್ತು.

"ಸಂಗವ್ವಾ."

"ಏನ್ರಿ."

"ಯಾರ ಹತ್ತಿದ್ರು ಮ್ಯಾಲ?"

"ನಾನ."

"ನೀ?" ಅವರು ಒಂದು ಹೆಜ್ಜೆ ಮುಂದೆ ಬಂದರು. "ನೀ ಹ್ಯಾಂಗ ಹತ್ತಿದಿ?"

"ಏಣಿ ಮ್ಯಾಲ. ನೀವು ಫಸ್ಟ್ ಶಿಫ್ಟಿಗೆ ಹೋದ ಮ್ಯಾಲ, ಜಳಕ ಮಾಡಿ, ಪೂಜಿ ಮುಗಿಸಿ." ಅವರು ಉಸಿರು ಎಳೆದುಕೊಂಡು ಮುಂದುವರಿಸಿದರು. "ನೀವ ಹತ್ತಬಾರ್ದಂತ ನಾ ಆಣಿ ಹಾಕಿದ್ದೆ. ನಾ ಹತ್ತಬಾರ್ದಂತ ಯಾರ ಹಾಕಿದ್ರು?"

"ಯಾಕ ಹತ್ತಿದ್ದಿ ಅಂತ ಕೇಳಾಕತ್ತೀನಿ."

"ರಸ್ತಾ ಧೂಳ ಕುಂತಿತ್ತು. ನಿಮಗ ಹತ್ತಾಕ ಬರಂಗಿಲ್ಲಲ್ಲ, ಒರಸಿ ಬರೋಣಂತ ಹೋದೆ. ಒರಸಿದ ಮ್ಯಾಲ ಹಂಗ ಬೋಳ ಹಣಿ ಬಿಟ್ಟು ಇಳೀಲೇನ? ನನಗ ಗಾಳಿ ಕೊಡೋ ದೇವ್ರದು. ಈಬತ್ತಿ ಹಚ್ಚಿದೆ." ಬೆಳ್ಳುಳ್ಳಿಯ ಸಿಪ್ಪೆ ಒಟ್ಟುಮಾಡುತ್ತಾ, "ಟಕ್ ಅನ್ನದಿದ್ದಾಗ, ನನ್ನ ಭಕ್ತಿ ಕಡಿಮಿ ಆಗೇತೇನೋ ಅಂತ, ಮರುದಿನ ಇನ್ನಷ್ಟ ದಪ್ಪ ಹಚ್ಚಿದೆ."

ಆವಲಪ್ಪ ಟವೆಲಿನಿಂದ ಬಾಯಿ ಮುಚ್ಚಿಕೊಂಡು ವ್ಯಾನಿನ ಹಿಂದೆ ಹೋದ. ನಾನಂತೂ ತಾರಸಿಯ ಮೇಲೆ ಒದ್ದೆ ಸೀರೆಯ ಹಿಂದೆ ಅಡಗಿದೆ. ಹತ್ತು ದಿನದಿಂದ ಆ ಗೆರೆಗಳನ್ನು ನೋಡಿ, ತಯಾರಿಸಿದವರ ಕುಸುರಿ ಕೆಲಸವನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದವಳು ನಾನು.

ಪ್ಯಾನಲಿನ ಸೆಲ್ಲುಗಳು ಒಬ್ಬರ ಕೈಯಿಂದ ಒಬ್ಬರಿಗೆ ಇಟ್ಟಿಗೆ ದಾಟಿಸುವ ಸಾಲಿನ ಹಾಗಂತೆ. ಒಬ್ಬ ತೂಕಡಿಸಿದರೆ ಇಡೀ ಸಾಲು ತೂಕಡಿಸಿದ ಹಾಗೆ. ಸಂಗವ್ವನ ವಿಭೂತಿ ಎರಡು ಸಾಲು ಸೆಲ್ಲುಗಳ ಕಣ್ಣಿಗೆ ಬಡಿದಿತ್ತು. ಮೂವತ್ತಾರರಲ್ಲಿ ಉಳಿದವುಗಳ ಬಿಸಿಲೆಲ್ಲ ವ್ಯರ್ಥ. ಇದನ್ನೆಲ್ಲ ಪಂಚಪ್ಪನವರು ಆಮೇಲೆ ಹೇಳಿದರು. ಆಗ ಅವರು ಹೇಳಿದ್ದು ಬೇರೆ.

ಅವರು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಆರು ಮೆಟ್ಟಲ ಅದಾವ. ಎಷ್ಟ ಕಡೆ ನಿಂತಿ?"

"ಮೊದಲ ದಿನ ಆರಕ್ಕೂ ನಿಂತೆ. ನಾಕನೇದಕ್ಕ ಬಿದ್ದೇನೇನೋ ಅನಿಸ್ತು."

"ಈಗ?"

"ಈಗ ಎರಡಕ್ಕ ನಿಲ್ತೀನಿ. ಎರಡನೇದಕ್ಕ, ಐದನೇದಕ್ಕ."

ಪಂಚಪ್ಪನವರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದರು. ಪ್ಯಾನಲಿನ ವೋಲ್ಟು, ಬ್ಯಾಟರಿಯ ವೋಲ್ಟು, ತಾರೀಖು ಬರೆದಿಡುವ ಪುಸ್ತಕ. ಅದರಲ್ಲಿ ಏನೋ ಬರೆದರು. ನಾನು ಮೇಲಿನಿಂದ ಓದಲಾರದಷ್ಟು ಚಿಕ್ಕ ಅಕ್ಷರ. ಬರೆದು ಬಹಳ ಹೊತ್ತು ಅದನ್ನೇ ನೋಡಿದರು. ಹನ್ನೊಂದು ವರ್ಷ ಅಳತೆಗೆ ಸಿಗದ್ದು ಸಿಕ್ಕಿದ ಹಾಗಿತ್ತು.

"ಸಿಟ್ಟ ಬಂತೇನ್ರಿ?" ಎಂದರು ಸಂಗವ್ವ.

"ಬಂದೈತಿ. ಬಿದ್ದಿದ್ರ?"

"ಬೀಳಲಿಲ್ಲಲ್ಲ."

"ನಾಳಿಂದ ನೀ ಹತ್ತಂಗಿಲ್ಲ. ನನ್ನ ಆಣಿ."

"ಮತ್ತ ಅದರ ಹಣಿ?"

ಪಂಚಪ್ಪನವರು ಯೋಚಿಸಿದರು. ಕಾರ್ಖಾನೆಯಲ್ಲಿ ಯಾವ ಎಂಜಿನಿಯರನ ಮುಂದೂ ಅವರು ಅಷ್ಟು ಹೊತ್ತು ಯೋಚಿಸಿರಲಾರರು. ಕೊನೆಗೆ ವ್ಯಾನಿನೊಳಗೆ ಹೋಗಿ ಕಂಟ್ರೋಲರಿನ ತಗಡಿನ ಪೆಟ್ಟಿಗೆಯನ್ನು ತಟ್ಟಿದರು. "ದೇವ್ರು ಮ್ಯಾಲಿಂದ ಇಳಿದು ಇಲ್ಲಿ ಬರತಾನ. ಇಲ್ಲಿ ಹಚ್ಚು. ಎಷ್ಟ ದಪ್ಪ ಬೇಕಾದ್ರ ಹಚ್ಚು."

ಸಂಗವ್ವ ಪೆಟ್ಟಿಗೆಯನ್ನು ಅನುಮಾನದಿಂದ ನೋಡಿದರು. "ಇದು ಸಾಕು ಅನ್ನೋದಲ್ಲ?"

"ಸಾಕು ಅನ್ನೋದೂ ದೇವರ ಕೆಲಸಾನ."

ಆವಲಪ್ಪ ಮೇಲೆ ಹತ್ತಿ ಒದ್ದೆ ಬಟ್ಟೆಯಲ್ಲಿ ಒರೆಸಿದ. ಒರೆಸುವ ಮೊದಲು ಚಪ್ಪಲಿ ಬಿಟ್ಟು, ಕೈ ಮುಗಿದ. "ನಮ್ದೇನ್ ಓಯ್ತದೆ, ಇರ್ಲಿ" ಎಂದ. ಮಧ್ಯಾಹ್ನ ಎರಡೂ ಮುಕ್ಕಾಲಿಗೆ, ಅಡುಗೆಮನೆಯಲ್ಲಿದ್ದ ನನಗೂ ಕೇಳಿಸುವಂತೆ ಸಂಗವ್ವ ಕೂಗಿದರು: "ಅಂತು! ಟಕ್ ಅಂತು!" ಆ ಕೂಗಿನ ನಡುವೆ ಅವರು ಎಲ್ಲೂ ನಿಲ್ಲಲಿಲ್ಲ.

ಶನಿವಾರ ನಸುಕಿನಲ್ಲಿ ವ್ಯಾನು ಹೊರಟಿತು. ಆವಲಪ್ಪ ಸ್ಟೇರಿಂಗಿನಲ್ಲಿ, ಪಂಚಪ್ಪನವರು ಈ ಸಲ ಒಳಗೆ, ಸಂಗವ್ವ ಮಂಚದ ಮೇಲೆ, ಖಣದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು. ತುಮಕೂರು ರಸ್ತೆಯ ಕಡೆ ತಿರುಗುವವರೆಗೂ ಜಾಲರಿಯ ಹಿಂದಿನಿಂದ ಕೈ ಬೀಸುತ್ತಿದ್ದರು.

ಹನ್ನೆರಡು ದಿನ ಬರಲಿಲ್ಲ. ನಮ್ಮ ಬೀದಿಯಲ್ಲಿ ಮೂರು ಸಲ ಕರೆಂಟು ಹೋಯಿತು, ಎಷ್ಟು ವೋಲ್ಟಿಗೆ ಇಳಿದಿತ್ತೆಂದು ಹೇಳುವವರೇ ಇರಲಿಲ್ಲ. ಪ್ರತಿ ಸಲವೂ ನನಗೆ ಆ ಪುಟ್ಟ ಫ್ಯಾನಿನದೇ ಚಿಂತೆ. ಹಳೆ ಬ್ಯಾಟರಿ. ವೈಶಾಖದ ಧಗೆ. ನಡುರಾತ್ರಿಗೆ ನಿಂತುಬಿಟ್ಟರೆ?

ಹದಿಮೂರನೇ ದಿನ ಸಂಜೆ ವ್ಯಾನು ಬಂತು. ಸಂಗವ್ವ ಇಳಿದರು. ಮುಖ ಬಿಸಿಲಿಗೆ ಕಂದಿತ್ತು, ಗಂಟಲು ಕಟ್ಟಿತ್ತು. ನನಗೆ ಗಾಬರಿಯಾಯಿತು. "ಉಬ್ಬಸ ಅಲ್ರಿ ಅಕ್ಕಾರ," ಎಂದು ಪಿಸುಗುಟ್ಟಿದರು, "ಮಾತಾಡಿ ಮಾತಾಡಿ." ನನ್ನ ಕೈಗೆ ಮದುವೆಯ ಸಿಹಿ ಮಾದಲಿಯ ಡಬ್ಬಿ ಕೊಟ್ಟು ಒಳಗೆ ಹೋದರು. ಪಂಚಪ್ಪನವರು ಬ್ಯಾಟರಿಯ ಮುಚ್ಚಳ ಒರೆಸುತ್ತಾ ನಿಂತಿದ್ದರು. ನಾನು ಕಾಂಪೌಂಡಿಗೆ ಒರಗಿ ಕೇಳಿಯೇಬಿಟ್ಟೆ.

"ಫ್ಯಾನು ಬೆಳಗಿನ ತನಕ ತಿರುಗ್ತಾ?"

"ತಿರುಗ್ತರಿ. ಒಂದ ರಾತ್ರಿನೂ ನಿಲ್ಲಲಿಲ್ಲ. ದಿನಾ ಎರಡೂವರಿಗೆ ಟಕ್."

"ಅಂತೂ ನಿಮ್ಮ ಶ್ರಮ ಸಾರ್ಥಕವಾಯ್ತು. ಸಂಗವ್ವನವರು ಅದರ ಕೆಳಗೆ ಹೇಗೆ ಮಲಗಿದ್ರು, ಏನಂದ್ರು?"

"ಆಕಿ ಎಲ್ಲಿ ಮಲಗಿದ್ಲರಿ. ತಂಗಿ ಜೋಡಿ ಅಂಗಳದಾಗ ಮಾತಾಡ್ಕೋತ ಮಲಗ್ತಿದ್ಲು" ಎಂದರು ಪಂಚಪ್ಪನವರು, ಮುಚ್ಚಳ ತಿರುಗಿಸುತ್ತಾ. "ವ್ಯಾನಿನೊಳಗ ಬೀಗರು ಮಲಗಿದ್ರು. ಗಾಳಿ ಸ್ವಲ್ಪ ಕಡಿಮಿ ಅಂದ್ರು."